ಹೊಸ್ತಿಲು ದಾಟಿದರೂ ಒಡೆತನ ಬದಲಾಗದು

ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲ. ಇಂದು ಬಸವಕಲ್ಯಾಣ ಎನಿಸಿಕೊಂಡಿರುವ ಅಂದಿನ ರಾಜಧಾನಿಯಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ತವರಿನವರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಬಂದದ್ದು ಮಾತ್ರವಲ್ಲ, ವಾರಸಿನಿಂದ, ಖರೀದಿಯಿಂದ, ಪಾಲಿನಿಂದ ಹೆಣ್ಣಿಗೆ ದಕ್ಕಿದ್ದೂ ಸ್ತ್ರೀಧನವೇ ಎಂದು ಅವನು ಅರ್ಥ ಬಿಡಿಸಿದ.

ಬ್ರಿಟಿಷರ ಕಾಲದಲ್ಲಿ ಈ ವ್ಯಾಪ್ತಿ ಕುಗ್ಗಿತು. ಗಂಡನ ವಾರಸಾಗಿ ಬಂದ ಆಸ್ತಿ ಸ್ತ್ರೀಧನವಲ್ಲ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ವಿಧವೆ ಅದನ್ನು ಅನುಭವಿಸಬಹುದಿತ್ತು, ಇಷ್ಟಬಂದಂತೆ ಪರಭಾರೆ ಮಾಡುವಂತಿರಲಿಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳಿಗಾಗಿ ಪ್ರತ್ಯೇಕ ಕಾಯ್ದೆ ತಂದಿತು. ದೇಶದ ಮಟ್ಟದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಆ ಅರೆ ಒಡೆತನವನ್ನು ಪೂರ್ಣ ಒಡೆತನ ಮಾಡಿತು.

ಆದರೆ ಮನೆ ಮುರಿದಾಗ ಒಡವೆ ಯಾರದು?

1955ರ ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಮದುವೆಯ ಹೊತ್ತಿನಲ್ಲಿ ಬಂದ, ಇಬ್ಬರಿಗೂ ಸೇರಬಹುದಾದ ವಸ್ತುಗಳ ಬಗ್ಗೆಯಷ್ಟೇ ಮಾತಾಡುತ್ತದೆ. ಉಳಿದದ್ದು ಗೊಂದಲಕ್ಕೆ ಎಡೆಯಾಯಿತು. 1982ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಪೂರ್ಣಪೀಠದ ತೀರ್ಪಿನಿಂದಾಗಿ, ಸೊಸೆ ತಂದ ಒಡವೆಯನ್ನು ಹಿಂದಿರುಗಿಸದ ಗಂಡನ ಮೇಲೆ ನಂಬಿಕೆ ದ್ರೋಹದ ಮೊಕದ್ದಮೆ ಹೂಡುವುದೇ ಕಷ್ಟವಾಯಿತು. 1985ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಆ ನಿಲುವನ್ನು ತಳ್ಳಿಹಾಕಿತು. ಗಂಡನ ಮನೆಗೆ ಬಂದ ಮಾತ್ರಕ್ಕೆ ಸ್ತ್ರೀಧನ ಜಂಟಿ ಆಸ್ತಿಯಾಗದು; ಅತ್ತೆ, ಗಂಡ ಅದನ್ನು ಕಾಪಾಡುವವರಷ್ಟೇ, ಕೇಳಿದಾಗ ಕೊಡಲೇಬೇಕು. ಇಂದು ನಿಂತಿರುವ ಕಾನೂನಿನ ಬುನಾದಿ ಇದೇ.

ಅದರ ಮೇಲೆ ಉಳಿದ ಕಲ್ಲುಗಳು ಕೂತವು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಸ್ತ್ರೀಧನ ಮರಳಿಸುವಂತೆ ಆದೇಶಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ನ್ಯಾಯಾಂಗ ಪ್ರತ್ಯೇಕತೆಯ ಡಿಕ್ರಿ ಆದ ಮೇಲೂ ಹೆಂಡತಿ ಅದನ್ನು ಕೇಳಬಹುದೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಏಪ್ರಿಲ್‌ನಲ್ಲಿ ಕೇರಳದ ಪ್ರಕರಣವೊಂದರಲ್ಲಿ, ಕಷ್ಟಕಾಲದಲ್ಲಿ ಗಂಡ ಹೆಂಡತಿಯ ಒಡವೆ ಬಳಸಿಕೊಂಡರೂ ಹಿಂದಿರುಗಿಸುವುದು ಅವನ ಹೊಣೆ ಎಂದು ಸಾರಿ, ಆಕೆಗೆ 25 ಲಕ್ಷ ರೂಪಾಯಿ ಕೊಡಿಸಿತು.

ಸೈಟು, ಫ್ಲ್ಯಾಟುಗಳಿಗೂ ಹಿಂದೂ ವಿವಾಹ ಕಾನೂನಿನಲ್ಲಿ ಇದೇ ತರ್ಕ. ಮದುವೆಗೆ ಮುಂಚೆ ಗಂಡಾಗಲಿ ಹೆಣ್ಣಾಗಲಿ ಕೊಂಡದ್ದು ವಿಚ್ಛೇದನದಲ್ಲಿ ತಾನಾಗಿಯೇ ಪಾಲಾಗುವುದಿಲ್ಲ. ಶಾಶ್ವತ ಜೀವನಾಂಶ ನಿಗದಿ ಮಾಡುವಾಗ ಮಾತ್ರ ನ್ಯಾಯಾಲಯ ಆ ಆಸ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಾರವಾರ ದಾಟಿ ಗೋವಾಕ್ಕೆ ಕಾಲಿಟ್ಟರೆ ಚಿತ್ರ ಬೇರೆ. 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯಂತೆ, ಮದುವೆಗೆ ಮೊದಲೇ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಇಬ್ಬರ ಹಳೆಯ, ಹೊಸ ಆಸ್ತಿಯೆಲ್ಲ ಒಂದಾಗಿ, ಇಬ್ಬರಿಗೂ ಅರ್ಧರ್ಧ ಹಕ್ಕಿರುತ್ತದೆ.

ತಂದದ್ದು ತನ್ನದೇ ಎನ್ನುವ ನಿಯಮ ಒಡವೆ ತಂದವಳನ್ನು ಕಾಯುತ್ತದೆ. ಆದರೆ ಸಂಬಳವಿಲ್ಲದೆ ಇಪ್ಪತ್ತು ವರ್ಷ ಸಂಸಾರ ತೂಗಿಸಿದವಳಿಗೆ ಗಂಡನ ಹೆಸರಿನಲ್ಲಿರುವ ಮನೆಯಲ್ಲಿ ಪಾಲು ಕೊಡುವುದಿಲ್ಲ. ಆ ಅನ್ಯಾಯವನ್ನು ತುಸುವಾದರೂ ಸರಿಪಡಿಸಲು ಹೊರಟ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆ 2013ರಲ್ಲಿ ರಾಜ್ಯಸಭೆಯ ಒಪ್ಪಿಗೆ ಪಡೆದರೂ ಲೋಕಸಭೆಯಲ್ಲಿ ಅಂಗೀಕಾರವಾಗದೆ ಬಿದ್ದುಹೋಯಿತು. ಸಂಸತ್ತು ಅದನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.