ನಾಯಿಗೆ ಮದ್ದು, ರೇಷ್ಮೆಹುಳುವಿಗೆ ಮೃತ್ಯು

ನವಲಿಯಂಥ ಹಳ್ಳಿಗಳಲ್ಲಿ ಹೊಲ ಕಾಯುವ ನಾಯಿಯೂ ಮನೆಯ ಸದಸ್ಯನೇ. ಅದಕ್ಕೆ ಚಿಗಟ ಹತ್ತಿದಾಗ ಮದ್ದು ಮಾಡಿಸುವುದು ನಮ್ಮೆಲ್ಲರ ಕರ್ತವ್ಯ. ಆದರೆ ಅದೇ ಮನೆಯಲ್ಲಿ ರೇಷ್ಮೆಹುಳುವನ್ನೂ ಸಾಕುತ್ತಿದ್ದರೆ ವಿಶೇಷ ಎಚ್ಚರಿಕೆ ಅವಶ್ಯವೆಂಬುದನ್ನು ನಾವು ಬಂಧುಗಳಿಗೆ ನೆನಪಿಸಬಯಸುತ್ತೇವೆ.

ಪರ್ಮೆಥ್ರಿನ್, ಫಿಪ್ರೋನಿಲ್ ಮೊದಲಾದ ಔಷಧಗಳು ಚಿಗಟದ ನರಗಳನ್ನು ಕೆಡಿಸಿ ಕೊಲ್ಲುತ್ತವೆ. ಕಾಡುವ ಕೀಟ, ಅನ್ನ ನೀಡುವ ಕೀಟ ಎಂಬ ಭೇದ ಅವಕ್ಕಿಲ್ಲ. ಮದ್ದು ಸವರಿದ ಕೈಯಿಂದಲೇ ಹಿಪ್ಪುನೇರಳೆ ಸೊಪ್ಪನ್ನು ಮುಟ್ಟಿದರೆ ಸುಮಾರು 25 ದಿನಗಳ ದುಡಿಮೆ ತಟ್ಟೆಯಲ್ಲಿಯೇ ನಾಶವಾದೀತು. ಪರದೇಶಗಳಲ್ಲಿ ಟರಾಂಟುಲಾ ಎಂಬ ದೊಡ್ಡ ಜೇಡವನ್ನು ಸಾಕುವವರಿಗೂ ಇದೇ ಆತಂಕ. ಪರ್ಮೆಥ್ರಿನ್ ಬೆಕ್ಕಿಗೂ ಪ್ರಾಣಾಂತಿಕ.

ಹಾಗಾದರೆ ಮಾಡತಕ್ಕದ್ದೇನು? ಪಶುವೈದ್ಯರಿಗೆ ಮನೆಯ ಸಂಗತಿಯನ್ನು ತಿಳಿಸಿ, ನುಂಗಿಸುವ ಮಾತ್ರೆಯನ್ನು ಕೇಳಬೇಕು. ಸಿಂಪಡಣೆ, ಪುಡಿಗಳು ಬೇಡ. ಸವರುವ ಮದ್ದೇ ಅನಿವಾರ್ಯವಾದರೆ ಹುಳು ಸಾಕುವವರಲ್ಲದ ಬೇರೊಬ್ಬರು ದೂರದಲ್ಲಿ ಹಚ್ಚಲಿ. ನಾಯಿ ಹುಳುಮನೆಯತ್ತ ಸುಳಿಯದಿರಲಿ.

ಚಿಗಟದ ಮೊಟ್ಟೆ, ಮರಿಗಳು ಹೆಚ್ಚಾಗಿ ಇರುವುದು ನಾಯಿಯ ಮೈಮೇಲಲ್ಲ, ಅದು ಮಲಗುವ ಹಾಸಿನಲ್ಲಿ ಮತ್ತು ನೆಲದ ಧೂಳಿನಲ್ಲಿ. ಆದುದರಿಂದ ಹಾಸನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ಒಗೆದು ಒಣಗಿಸಬೇಕು; ನೆಲವನ್ನು ನಿತ್ಯ ಗುಡಿಸಬೇಕು; ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಸಿಕ್ಕ ಚಿಗಟಗಳನ್ನು ಸಾಬೂನು ನೀರಿಗೆ ಹಾಕಬೇಕು. ಒಂದು ಜೀವಕ್ಕೆ ನೆಮ್ಮದಿ ನೀಡುವಾಗ ಮತ್ತೊಂದಕ್ಕೆ ಕೇಡಾಗದಂತೆ ನಡೆಯುವುದೇ ಗೃಹಸ್ಥರ ಜಾಣ್ಮೆ.