ಚಮಚದಿಂದ ಜಾರದ ಸರಿ

ಕೂಸಿಗೆ ಆರು ತಿಂಗಳು ತುಂಬುತ್ತ ಬಂತೆಂದರೆ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಸರಿಹಿಟ್ಟಿನ ತಯಾರಿ ಶುರುವಾಗುತ್ತದೆ. ರಾಗಿಯ ಕಲ್ಲು ಆರಿಸಿ, ನಾಲ್ಕೈದು ನೀರಿನಲ್ಲಿ ತೊಳೆದು, ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿಡುತ್ತಾರೆ. ಒಂದೆರಡು ದಿನದಲ್ಲಿ ಬಟ್ಟೆಯ ಎಳೆಗಳ ಸಂದಿಯಿಂದ ಬಿಳಿ ಮೊಳಕೆ ಇಣುಕುತ್ತದೆ. ಅದನ್ನು ಒಣಗಿಸಿ, ಬೆಚ್ಚಗೆ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿದರೆ ಸರಿಹಿಟ್ಟು ಸಿದ್ಧ. ಕರಾವಳಿಯವರದು ಬೇರೆ ದಾರಿ. ಅವರು ನೆನೆಸಿದ ರಾಗಿಯನ್ನು ರುಬ್ಬಿ, ಹಾಲು ಹಿಂಡಿ ಮಣ್ಣಿ ಕಾಯಿಸುತ್ತಾರೆ.

ಹಿಟ್ಟು ಡಬ್ಬಿಗೆ ಬಿದ್ದ ಮೇಲೆ ಮನೆಯಲ್ಲಿ ವಾದ ಏಳುತ್ತದೆ. "ಹಲ್ಲಿಲ್ಲದ ಬಾಯಿ, ನೀರಾಗಿ ಮಾಡಮ್ಮ" ಎನ್ನುತ್ತಾರೆ ಅಜ್ಜಿ. "ಗಂಟಲಿಗೆ ಸಿಕ್ಕಿಕೊಂಡರೇನು ಗತಿ?" ಎಂದು ಪಕ್ಕದ ಮನೆಯವರು ದನಿಗೂಡಿಸುತ್ತಾರೆ. ಕೊನೆಗೆ ಒಂದು ಲೋಟ ನೀರಿಗೆ ಒಂದು ಚಮಚ ಹಿಟ್ಟು ಕದಡಿ ಕಾಯಿಸಿದ, ಒಳಲೆಯಿಂದ ಸಲೀಸಾಗಿ ಸುರಿಯುವ ನೀರು ಮಗುವಿನ ಹೊಟ್ಟೆ ಸೇರುತ್ತದೆ. ಮಧ್ಯಾಹ್ನಕ್ಕೆ ಬೇಳೆಕಟ್ಟು, ಸಂಜೆಗೆ ಗಂಜಿತಿಳಿ. ಮೂರು ಹೊತ್ತೂ ತಿನ್ನಿಸಿದೆನೆಂಬ ಸಮಾಧಾನ ತಾಯಿಗೆ ಸಿಗುತ್ತದೆ, ಅಂಗನವಾಡಿಯ ತಕ್ಕಡಿಯ ಮುಳ್ಳು ಮಾತ್ರ ಕದಲುವುದಿಲ್ಲ. ಈ ಅಧ್ಯಾಯದ ಮುಖ್ಯ ಮಾತು ಈ ತಿಳಿಯ ಬಗ್ಗೆಯೇ.

ಮೊದಲು, ಆರು ತಿಂಗಳೇ ಯಾಕೆ ಎಂಬುದನ್ನು ಮುಗಿಸಿಬಿಡೋಣ. ಎಳೆಗೂಸಿನ ಬಾಯಿಗೆ ಏನೇ ಗಟ್ಟಿ ಇಟ್ಟರೂ ನಾಲಿಗೆ ಅದನ್ನು ತಾನಾಗಿ ಹೊರಕ್ಕೆ ನೂಕುತ್ತದೆ. ಈ ನೂಕುವ ಗುಣ ನಾಲ್ಕರಿಂದ ಆರು ತಿಂಗಳ ನಡುವೆ ಕಡಿಮೆಯಾಗುತ್ತದೆ. ಕತ್ತು ನಿಂತು, ಆಸರೆ ಕೊಟ್ಟರೆ ಕೂರಲು ಬರುತ್ತದೆ. ನಾವು ಉಣ್ಣುವಾಗ ನಮ್ಮ ತಟ್ಟೆ ಕಡೆ ಕೈ ಚಾಚುತ್ತದೆ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ಆಮೇಲೆ ಎದೆಹಾಲಿನ ಜೊತೆ ಪೂರಕ ಆಹಾರ ಕೊಡಬೇಕು, ಎರಡು ವರ್ಷದವರೆಗೂ ಅದರಾಚೆಗೂ ಹಾಲು ಕುಡಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತ ಬಂದಿದೆ. ಗಂಡುಮಗುವಿಗೆ ಆರನೇ ತಿಂಗಳು, ಹೆಣ್ಣುಮಗುವಿಗೆ ಐದು ಅಥವಾ ಏಳು ಎಂದು ಅನ್ನಪ್ರಾಶನಕ್ಕೆ ತಿಂಗಳು ಗೊತ್ತುಮಾಡುವ ಪದ್ಧತಿಯೂ ಹೆಚ್ಚುಕಡಿಮೆ ಇದೇ ಹೊತ್ತಿಗೆ ಬಂದು ನಿಲ್ಲುತ್ತದೆ. ತೊಂದರೆ ಬರುವುದು ಶಾಸ್ತ್ರ ಮುಗಿದ ಮೇಲೆ. ಪಾಯಸವನ್ನು ನಾಲಿಗೆಗೆ ಮುಟ್ಟಿಸಿ, ಫೋಟೋ ತೆಗೆಸಿಕೊಂಡು, ಎಂಟು ಒಂಬತ್ತು ತಿಂಗಳವರೆಗೆ ಬರೀ ಹಾಲಿನಲ್ಲೇ ದಿನ ದೂಡುವವರು ಬೇಕಾದಷ್ಟು ಮಂದಿ ಇದ್ದಾರೆ.

ಈಗ ತಿಳಿಯ ಲೆಕ್ಕಕ್ಕೆ ಬರೋಣ. ಮಗುವಿನ ಹೊಟ್ಟೆಯಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 30 ಮಿಲಿಲೀಟರ್ ಹಿಡಿಯುತ್ತದೆ. ಏಳು ಕಿಲೋ ತೂಗುವ ಕೂಸಿನ ಹೊಟ್ಟೆ ಅಂದರೆ ಒಂದು ಲೋಟ, ಅಷ್ಟೆ. ಆರರಿಂದ ಎಂಟು ತಿಂಗಳ ನಡುವೆ ಎದೆಹಾಲು ಕೊಡುವುದರ ಮೇಲೆ ದಿನಕ್ಕೆ ಸುಮಾರು 200 ಕ್ಯಾಲೊರಿ ಊಟದಿಂದ ಬರಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಅದು 300ಕ್ಕೆ ಏರುತ್ತದೆ. ಒಂದು ಲೋಟ ನೀರಿಗೆ ಕದಡಿದ ಐದು ಗ್ರಾಂ ರಾಗಿಹಿಟ್ಟಿನಲ್ಲಿ ಇರುವುದು 16 ಕ್ಯಾಲೊರಿ. 200 ತಲುಪಲು ಇಂಥ ಹನ್ನೆರಡು ಲೋಟ ಕುಡಿಸಬೇಕಾದೀತು! ಎದೆಹಾಲಿನಲ್ಲಾದರೆ 100 ಮಿಲಿಲೀಟರಿಗೆ 65ರಿಂದ 70 ಕ್ಯಾಲೊರಿ ಇರುತ್ತದೆ. ನೀರುಸರಿಯಿಂದ ಹೊಟ್ಟೆ ತುಂಬಿಸಿಕೊಂಡ ಮಗು ಅದಕ್ಕಿಂತ ಎಷ್ಟೋ ಸತ್ವವಿರುವ ಹಾಲನ್ನು ಬೇಡವೆಂದು ಮುಖ ತಿರುಗಿಸುತ್ತದೆ. ಬೇಳೆಕಟ್ಟಿನ ಕತೆಯೂ ಇದೇ. ಮೇಲಿನ ತಿಳಿ ಮಗುವಿಗೆ, ತಳದಲ್ಲಿ ಕೂತ ಬೇಳೆ ದೊಡ್ಡವರ ಸಾರಿಗೆ.

ಹಾಗಾದರೆ ಎಷ್ಟು ಗಟ್ಟಿಯಿರಬೇಕು? ಚಮಚದಲ್ಲಿ ತೆಗೆದು ಓರೆ ಮಾಡಿ ನೋಡಿ. ಸಳ್ಳನೆ ಜಾರಿದರೆ ತೆಳು. ಚಮಚಕ್ಕೆ ಅಂಟಿಕೊಂಡು ನಿಧಾನವಾಗಿ ಜರುಗಿದರೆ ಸರಿ. (ಸರಿ ಎಂಬ ಹೆಸರು ಹೇಗೆ ಬಂತೋ, ಈ ಪರೀಕ್ಷೆಗಂತೂ ಒಪ್ಪುತ್ತದೆ.)

ಆದರೆ ಇಲ್ಲೊಂದು ಸಿಕ್ಕು ಇದೆ. ಸಾದಾ ರಾಗಿಹಿಟ್ಟನ್ನು ಹೆಚ್ಚು ಹಾಕಿದರೆ ಪಿಷ್ಟ ನೀರು ಕುಡಿದು ಊದಿ ಮುದ್ದೆಯಾಗಿಬಿಡುತ್ತದೆ, ಕೂಸು ನುಂಗಲಾರದು. ತೆಳು ಮಾಡಿದರೆ ಸತ್ವವಿಲ್ಲ, ಸತ್ವ ತುಂಬಿದರೆ ನುಂಗಲಾಗದು. ಇದಕ್ಕೆ ಪರಿಹಾರ ಆ ಪಂಚೆಯ ಗಂಟಿನೊಳಗಿದೆ. ಕಾಳು ಮೊಳೆಯುವಾಗ ತನ್ನೊಳಗೆ ಕೂಡಿಟ್ಟ ಪಿಷ್ಟವನ್ನು ಎಳೆ ಸಸಿಗೆ ಉಣಿಸಲು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸಿಕೊಳ್ಳುತ್ತದೆ. ಪಿಷ್ಟದ ಉದ್ದನೆಯ ಸರಪಳಿಯನ್ನು ತುಂಡು ತುಂಡು ಮಾಡುವುದು ಅದರ ಕೆಲಸ. ತುಂಡಾದ ಪಿಷ್ಟ ನೀರು ಹಿಡಿದು ಊದುವುದಿಲ್ಲ. ಹಾಗಾಗಿ ಮೊಳಕೆ ಹಿಟ್ಟನ್ನು ಮೂರು ನಾಲ್ಕು ಪಟ್ಟು ಹಾಕಿದರೂ ಸರಿ ನುಣ್ಣಗೆ, ನುಂಗುವ ಹದದಲ್ಲೇ ಇರುತ್ತದೆ. ಬೇಕಿದ್ದರೆ ಅಡುಗೆಮನೆಯಲ್ಲೇ ನೋಡಿ: ಗಟ್ಟಿ ಗಂಜಿಯನ್ನು ಬಿಸಿಯಿರುವಾಗಲೇ ಇಳಿಸಿ, ಒಂದು ಚಮಚ ಮೊಳಕೆ ಹಿಟ್ಟು ಕಲಸಿಟ್ಟರೆ ಕೆಲವೇ ನಿಮಿಷಕ್ಕೆ ಅದು ಸಡಿಲವಾಗುತ್ತದೆ. ಆಮೇಲೆ ಮತ್ತೊಮ್ಮೆ ಕುದಿಸಿ ಕೊಡಬೇಕು. ಕುದಿಯುವ ನೀರಿಗೆ ನೇರ ಸುರಿದರೆ, ಇಲ್ಲವೇ ಮೊಳಕೆ ಕಾಳನ್ನು ಕಪ್ಪಾಗುವಂತೆ ಹುರಿದಿದ್ದರೆ ಕಿಣ್ವ ಸತ್ತುಹೋಗಿ ಈ ಗುಣ ಸಿಗುವುದಿಲ್ಲ. ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಲೇ ಇರು ಎಂದು ಹಿರಿಯರು ಹೇಳುವುದು ಗಂಟಾಗದಿರಲಿ ಎಂದು. ಕಿಣ್ವಕ್ಕೆ ಬೇಕಾದ ಬಿಸುಪೂ ಬಿಡುವೂ ಅದರಲ್ಲೇ ಒದಗುತ್ತವೆ. ಕಾಯಿಸಿ ಇಳಿಸಿದ ಮೇಲೆ ಅರ್ಧ ಚಮಚ ತುಪ್ಪ ಬೆರೆಸಿದರೆ ಹೊಟ್ಟೆಯಲ್ಲಿ ಜಾಗ ಹಿಡಿಯದೆ ಇಪ್ಪತ್ತಕ್ಕೂ ಹೆಚ್ಚು ಕ್ಯಾಲೊರಿ ಸೇರುತ್ತದೆ.

ಸರಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಕೊರತೆಯನ್ನೂ ಹೇಳಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮೂ ಇಲ್ಲ. (ಅದರಲ್ಲಿ ಒಳ್ಳೆಯ ಪಾಲು ಸಿಪ್ಪೆಯಲ್ಲಿರುವುದರಿಂದ ಬಟ್ಟೆಯಲ್ಲಿ ಜಾಲಿಸುವಾಗ ಕೊಂಚ ಕಳೆದುಹೋಗುತ್ತದೆ, ಮಗು ಎಂಟು ತಿಂಗಳು ದಾಟಿದ ಮೇಲೆ ಜರಡಿ ಹಿಡಿದ ಹಿಟ್ಟೇ ಸಾಕು.) ಕೊರತೆ ಬೀಳುವುದು ಕಬ್ಬಿಣಕ್ಕೆ. ತಿಂಗಳು ತುಂಬಿ ಹುಟ್ಟಿದ ಮಗು ತಾಯಿಯಿಂದ ಕಬ್ಬಿಣದ ಬುತ್ತಿ ಕಟ್ಟಿಕೊಂಡೇ ಬರುತ್ತದೆ. ಆ ಬುತ್ತಿ ಹೆಚ್ಚುಕಡಿಮೆ ಆರು ತಿಂಗಳಿಗೆ ಬರಿದಾಗುತ್ತದೆ. ಎದೆಹಾಲಿನಲ್ಲಿರುವ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ, ಆದರೆ ಪ್ರಮಾಣ ಬಹಳ ಕಡಿಮೆ. ದಿನಕ್ಕೆ ಮೂವತ್ತು ಗ್ರಾಂ ರಾಗಿ ತಿಂದರೂ ದೊರಕುವುದು ಒಂದೂವರೆ ಮಿಲಿಗ್ರಾಮಿಗಿಂತ ಕಡಿಮೆ, ಅದರಲ್ಲಿ ರಕ್ತಕ್ಕೆ ಸೇರುವುದು ಚೂರುಪಾರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಭಾರತದ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಕಂಡಿತು. ಅದೇ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಎರಡು ವರ್ಷದೊಳಗಿನವರಲ್ಲಿ ತಕ್ಕಷ್ಟು ಊಟ ಸಿಗುತ್ತಿದ್ದದ್ದು ನೂರಕ್ಕೆ 11 ಮಕ್ಕಳಿಗೆ ಮಾತ್ರ.

ಆದ್ದರಿಂದ ಸರಿ ಅಭ್ಯಾಸವಾದ ಒಂದೆರಡು ವಾರದಲ್ಲೇ ಬೇಳೆ, ಸೊಪ್ಪು, ಹಳದಿ ತರಕಾರಿ, ಮೊಟ್ಟೆ ಬಟ್ಟಲಿಗೆ ಬರಲಿ. ಮಾಂಸ ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿ ನುಣ್ಣಗೆ ಅರೆದ ಕೋಳಿ ಈಲಿಯ ಚೂರು, ಕರಾವಳಿಯಲ್ಲಿ ಮುಳ್ಳು ಬಿಡಿಸಿದ ಮೀನು ಕೊಡಬಹುದು. ಬೇಳೆ ಅನ್ನಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದರ ಕಬ್ಬಿಣ ಇನ್ನಷ್ಟು ಮೈಗೂಡುತ್ತದೆ. ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, ಒಂದೊಂದು ಮಿಲಿಲೀಟರ್. ಮಲ ಕಪ್ಪಾಗುತ್ತದೆಂದು ಹೆದರಿ ಆ ಬಾಟಲಿಯನ್ನು ಕಪಾಟಿನಲ್ಲಿಟ್ಟು ಮರೆಯುವುದು ಬೇಡ.

ಮೊಟ್ಟೆ, ಕಡಲೆಕಾಯಿ ಇವೆಲ್ಲ ಅಲರ್ಜಿ ಎಂದು ವರ್ಷಗಟ್ಟಲೆ ಮುಂದೂಡುವ ರೂಢಿ ನಗರಗಳಲ್ಲಿದೆ. ಇದಕ್ಕೆ ವೈದ್ಯರೂ ಒಂದು ಕಾಲದಲ್ಲಿ ಕಾರಣರೇ. ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2000ರಲ್ಲಿ ಹೇಳಿತ್ತು, 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. 2015ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಹೊರಬಂತು. ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಕಡಲೆಕಾಯಿ ತಿನ್ನಿಸಿ, ಉಳಿದ ಅರ್ಧಕ್ಕೆ ತಪ್ಪಿಸಿದ್ದರು. ಐದು ವರ್ಷಕ್ಕೆ ನೋಡಿದಾಗ ತಪ್ಪಿಸಿದವರಲ್ಲಿ ನೂರಕ್ಕೆ 17 ಮಂದಿಗೆ ಅಲರ್ಜಿಯಿತ್ತು, ತಿಂದವರಲ್ಲಿ 3 ಮಂದಿಗೆ. ಇಡೀ ಬೀಜ ಮಾತ್ರ ಖಂಡಿತ ಬೇಡ, ಉಸಿರುನಾಳಕ್ಕೆ ಇಳಿದೀತು. ಹುರಿದು ನುಣ್ಣಗೆ ಅರೆದದ್ದನ್ನು ಸರಿಯಲ್ಲಿ ಬೆರೆಸಿ. ತೀವ್ರ ಇಸುಬು ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ.

ಬೇಡದವುಗಳ ಪಟ್ಟಿ ಚಿಕ್ಕದು. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನು ಸೋಲಿಸುವ ವಿಷ ಕಾರುತ್ತವೆ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ ಶಾಸ್ತ್ರವನ್ನು ಎಷ್ಟೇ ಪ್ರೀತಿಯಿದ್ದರೂ ಬಿಡಬೇಕು. ಉಪ್ಪು, ಸಕ್ಕರೆ, ಬೆಲ್ಲ ಈ ವಯಸ್ಸಿಗೆ ಅಗತ್ಯವಿಲ್ಲ, ಟೀಯಲ್ಲಿ ಅದ್ದಿದ ಬಿಸ್ಕತ್ತಂತೂ ಊಟವೇ ಅಲ್ಲ. ಡಬ್ಬಿಯ ಆಹಾರದ ಬಗ್ಗೆ ಒಂದೇ ಮಾತು: ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಕೊಡುವುದನ್ನೇ ನಮ್ಮ ದೇಶ 1992ರ ಕಾಯ್ದೆ ಮತ್ತು 2003ರ ಅದರ ತಿದ್ದುಪಡಿಯಿಂದ ನಿಷೇಧಿಸಿದೆ.

ಮೊದಲ ದಿನ ಎರಡು ಮೂರು ಚಮಚ ಹೋದರೆ ಹೆಚ್ಚು. ಉಗುಳುತ್ತದೆ, ಮುಖ ಕಿವುಚುತ್ತದೆ, ಒಮ್ಮೊಮ್ಮೆ ಓಕರಿಸುತ್ತದೆ. ಓಕರಿಸುತ್ತ ಸದ್ದು ಮಾಡುತ್ತಿದ್ದರೆ ಗಾಬರಿ ಬೇಡ, ಸದ್ದೇ ಇಲ್ಲದೆ ಮುಖ ನೀಲಿಗಟ್ಟಿದರೆ ಅದು ಉಸಿರುಕಟ್ಟುವುದು. ಹೊಸ ರುಚಿಯನ್ನು ಮಗು ಒಪ್ಪಲು ಎಂಟು ಹತ್ತು ಸಲವಾದರೂ ಬೇಕು. ಎರಡನೇ ದಿನವೇ "ನಮ್ಮ ಮಗುವಿಗೆ ಕುಂಬಳಕಾಯಿ ಸೇರಲ್ಲ" ಎಂದು ತೀರ್ಪು ಕೊಡುವ ಮನೆಗಳಲ್ಲಿ ಕುಂಬಳಕಾಯಿಗೆ ಅನ್ಯಾಯವಾಗಿದೆ. ಮೂಗು ಹಿಡಿದು ಒಳಲೆಯಲ್ಲಿ ಹೊಯ್ಯುವುದು, ಮೊಬೈಲ್ ತೋರಿಸಿ ತುರುಕುವುದು ಎರಡೂ ಒಂದೇ ಜಾತಿ. ಬಾಯಿ ಬಿಗಿದು ತಲೆ ತಿರುಗಿಸಿತೆಂದರೆ ಆ ಹೊತ್ತಿನ ಊಟ ಮುಗಿಯಿತು.

ಎಂಟು ಒಂಬತ್ತು ತಿಂಗಳಿಗೆ ಮೆತ್ತಗೆ ಬೆಂದ ಕ್ಯಾರೆಟ್ ಕಡ್ಡಿ, ಇಡ್ಲಿಯ ಚೂರು ಕೈಗೆ ಕೊಡಿ. ಅರ್ಧ ನೆಲಕ್ಕೆ, ಕಾಲು ತಲೆಗೆ, ಉಳಿದದ್ದು ಬಾಯಿಗೆ. ವರ್ಷ ತುಂಬುವ ಹೊತ್ತಿಗೆ ಮನೆಯವರ ಅಡುಗೆಯೇ ಸಾಕು, ಉಪ್ಪು ಖಾರ ಬೀಳುವ ಮೊದಲು ಒಂದು ಸೌಟು ಎತ್ತಿಟ್ಟರಾಯಿತು. ಡಬ್ಬಿಯ ತಳದಲ್ಲಿ ಉಳಿದ ಸರಿಹಿಟ್ಟಿಗೆ ಮಜ್ಜಿಗೆ ಬೆರೆಸಿ ಅಂಬಲಿ ಮಾಡಿಕೊಂಡು ಅಜ್ಜಿಯೇ ಕುಡಿದು ಮುಗಿಸುತ್ತಾರೆ.