ಎರಡನೆಯ ಪೀಪಾಯಿಯ ಬೆಲೆ

ಅಮೆರಿಕದ ರೈ ವಿಸ್ಕಿಯ ಬಾಟಲಿಗಳ ಮೇಲೆ ಈಚಿನ ವರ್ಷಗಳಲ್ಲಿ ಒಂದು ಸಾಲು ಹೆಚ್ಚು ಹೆಚ್ಚು ಕಾಣಿಸುತ್ತಿದೆ. ಪೋರ್ಟ್ ಪೀಪಾಯಿಯಲ್ಲಿ ಫಿನಿಶ್ ಆದದ್ದು, ರಮ್ ಪೀಪಾಯಿಯಲ್ಲಿ ಫಿನಿಶ್ ಆದದ್ದು, ಶೆರಿ ಪೀಪಾಯಿಯಲ್ಲಿ ಫಿನಿಶ್ ಆದದ್ದು ಎಂದು. ಒಂದು ಪೀಪಾಯಿಯಲ್ಲಿ ಮಾಗಿದ ವಿಸ್ಕಿಗೆ ಇನ್ನೊಂದು ಪೀಪಾಯಿಯಲ್ಲಿ ಕೊನೆಯ ಹದ ಕೊಟ್ಟಿದ್ದಾರೆ ಎಂದು ಅದರ ಅರ್ಥ. ಆ ಸಾಲು ಇದ್ದರೆ ಬೆಲೆಯೂ ಸಾಮಾನ್ಯವಾಗಿ ಮೇಲೇರುತ್ತದೆ. ಏರಿದ ಬೆಲೆಗೆ ತಕ್ಕದ್ದು ಲೋಟದಲ್ಲಿ ಸಿಗುತ್ತದೆಯೇ ಎಂಬುದು ಬರೀ ಅಭಿರುಚಿಗೆ ಬಿಟ್ಟ ಮಾತಲ್ಲ, ಅದನ್ನು ಪರೀಕ್ಷಿಸಿ ನೋಡಬಹುದು ಎಂಬುದು ನನ್ನ ವಾದ. ಎರಡನೆಯ ಪೀಪಾಯಿ ಏನನ್ನು ಸೇರಿಸಿತು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಅದರಿಂದ ಹೊರಬಂದ ಮೇಲೂ ರೈ ಎಷ್ಟು ಉಳಿದಿದೆ ಎಂದು.

ಉಳಿಯಬೇಕಾದದ್ದು ಏನೆಂದು ತಿಳಿಯಲು ರೈಯ ಸ್ವಭಾವ ಗೊತ್ತಿರಬೇಕು. ಗೋಧಿ, ಬಾರ್ಲಿಗಳ ಹತ್ತಿರದ ಸಂಬಂಧಿಯಾದ ಈ ಧಾನ್ಯ ಕಡುಚಳಿಯನ್ನೂ ಸಾರವಿಲ್ಲದ ಮಣ್ಣನ್ನೂ ತಾಳಿಕೊಳ್ಳುತ್ತದೆ. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್‌ಗಳ ರೈತರು ಮೆಕ್ಕೆಜೋಳದ ವಿಸ್ಕಿಯಾದ ಬೋರ್ಬನ್ ಹೆಸರು ಮಾಡುವುದಕ್ಕೆ ಮೊದಲೇ ಇದರಿಂದ ವಿಸ್ಕಿ ಇಳಿಸುತ್ತಿದ್ದರು. ಜಾರ್ಜ್ ವಾಷಿಂಗ್ಟನ್‌ರ ಮೌಂಟ್ ವರ್ನನ್ ಎಸ್ಟೇಟಿನ ಬಟ್ಟಿಯಲ್ಲಿ 1799ರಲ್ಲಿ ಸುಮಾರು 11,000 ಗ್ಯಾಲನ್ ತಯಾರಾಗಿತ್ತು. ಅಲ್ಲಿ ಹುಳಿಯಲು ಇಡುತ್ತಿದ್ದ ಧಾನ್ಯದಲ್ಲಿ ಶೇ 60 ರೈ, ಶೇ 35 ಮೆಕ್ಕೆಜೋಳ, ಉಳಿದದ್ದು ಮೊಳಕೆ ಬರಿಸಿದ ಬಾರ್ಲಿ. 1920ರಿಂದ 1933ರವರೆಗಿನ ಪಾನನಿಷೇಧದ ಹೊಡೆತಕ್ಕೆ ಸಿಕ್ಕ ರೈ, ನಿಷೇಧ ತೆರವಾದ ಮೇಲೂ ದಶಕಗಳ ಕಾಲ ತಲೆಯೆತ್ತಲಿಲ್ಲ. ಮತ್ತೆ ಬೇಡಿಕೆ ಬಂದದ್ದು ಈ ಶತಮಾನದಲ್ಲಿ. ಈಗಿನ ಅಮೆರಿಕನ್ ಕಾನೂನಿನಂತೆ ಧಾನ್ಯದಲ್ಲಿ ಕನಿಷ್ಠ ಶೇ 51 ರೈ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಮಾಗಬೇಕು, ಪೀಪಾಯಿಗೆ ತುಂಬುವಾಗ ಆಲ್ಕೋಹಾಲ್ ಶೇ 62.5 ಮೀರಬಾರದು. ‘ಸ್ಟ್ರೇಟ್’ ಎಂದು ಬರೆಯಬೇಕಾದರೆ ಕನಿಷ್ಠ ಎರಡು ವರ್ಷ ಕಳೆದಿರಬೇಕು. ಇಷ್ಟರಲ್ಲಿ ಹುಟ್ಟುವ ರುಚಿ ನಮ್ಮ ಅಡುಗೆಮನೆಗೆ ಅಪರಿಚಿತವೇನಲ್ಲ: ಕಾಳುಮೆಣಸಿನ ಖಾರ, ಲವಂಗದ ಘಾಟು, ಪುದೀನದ ತಂಪು, ಕೆಲವು ರೈಗಳಲ್ಲಿ ಸಬ್ಬಸಿಗೆ ಸೊಪ್ಪಿನದೇ ಕಂಪು. ಮೆಕ್ಕೆಜೋಳದ ಬೋರ್ಬನ್‌ನ ದುಂಡನೆಯ ಸಿಹಿ ಇದಕ್ಕಿಲ್ಲ. ನಾಲಿಗೆಯ ಮೇಲೆ ಒಣಗಿದಂತಾಗಿ ಕೊನೆಗೆ ಒಂದಿಷ್ಟು ಒಗರು ಬಿಟ್ಟುಹೋಗುತ್ತದೆ. ಈ ಒರಟುತನಕ್ಕಾಗಿಯೇ ಜನ ರೈಯನ್ನು ಹುಡುಕಿಕೊಂಡು ಹೋಗುವುದು.

ಕೊನೆಯ ಹದ ಕೊಡುವ ಪದ್ಧತಿ ರೈಗೆ ಬಂದದ್ದು ತಡವಾಗಿ. ಅದನ್ನು ರೂಢಿಗೆ ತಂದದ್ದು ಸ್ಕಾಟ್ಲೆಂಡ್. ಅಲ್ಲಿನ ಬಾಲ್ವೆನಿ ಡಿಸ್ಟಿಲರಿಯ ಡೇವಿಡ್ ಸ್ಟೀವರ್ಟ್ 1980ರ ದಶಕದ ಆರಂಭದಲ್ಲಿ, ಬೋರ್ಬನ್ ಪೀಪಾಯಿಯಲ್ಲಿ ಮಾಗಿದ ಮಾಲ್ಟ್ ವಿಸ್ಕಿಯನ್ನು ಶೆರಿ ಪೀಪಾಯಿಗೆ ವರ್ಗಾಯಿಸಿ ನೋಡಿದರು. ಸ್ಕಾಚ್‌ ಬಹುಪಾಲು ಹಳೆಯ ಪೀಪಾಯಿಯಲ್ಲೇ ಬೆಳೆಯುವುದರಿಂದ ಅಲ್ಲಿ ಇದು ದೊಡ್ಡ ಜಿಗಿತವಲ್ಲ. ರೈಯ ಸಂಗತಿ ಬೇರೆ. ಸುಟ್ಟ ಹೊಸ ಓಕ್ ಅದಕ್ಕೆ ವೆನಿಲ್ಲಾ, ತೆಂಗಿನಕಾಯಿ, ಕಂದಿದ ಸಕ್ಕರೆಯ ವಾಸನೆಗಳನ್ನು ಈಗಾಗಲೇ ಸಾಕಷ್ಟು ಕೊಟ್ಟಿರುತ್ತದೆ. ಅದರ ಮೇಲೆ ಇನ್ನೊಂದು ಮರ, ಆ ಮರ ಹೀರಿಕೊಂಡ ಇನ್ನೊಂದು ಮದ್ಯ. ಖಾಲಿ ಪೀಪಾಯಿ ಎನ್ನುತ್ತೇವೆ, ಆದರೆ ಅದರ ಹಲಗೆಗಳೊಳಗೆ ಹಲವು ಲೀಟರ್ ವೈನ್ ಅಡಗಿರುತ್ತದೆ. ಪೋರ್ಟ್ ವೈನ್‌ನಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಇರುತ್ತದೆ. 200 ಲೀಟರ್ ವಿಸ್ಕಿಗೆ ಅಂಥ ಐದು ಲೀಟರ್ ಇಳಿದುಬಂತು ಎಂದುಕೊಳ್ಳಿ, ಪ್ರತಿ ಲೀಟರಿಗೆ ಎರಡೂವರೆ ಗ್ರಾಂನಷ್ಟು ಸಕ್ಕರೆ ಸೇರಿದಂತಾಯಿತು. ಬಟ್ಟಿಯಿಂದ ಇಳಿದಾಗ ಸಕ್ಕರೆಯೇ ಇಲ್ಲದ ದ್ರವಕ್ಕೆ ಇದು ಸಣ್ಣ ಬದಲಾವಣೆಯಲ್ಲ. ಅಮೆರಿಕನ್ ನಿಯಮವೂ ಇದನ್ನು ಗುರುತಿಸಿದೆ. ಹೀಗೆ ಹದಗೊಂಡದ್ದನ್ನು ಬರಿದೇ ರೈ ವಿಸ್ಕಿ ಎಂದು ಮಾರುವಂತಿಲ್ಲ, ಯಾವ ಪೀಪಾಯಿಯಲ್ಲಿ ಎಂದು ಹೇಳಬೇಕು. ಎರಡನೆಯ ಪೀಪಾಯಿಯಲ್ಲಿ ಕಳೆದ ತಿಂಗಳುಗಳು ವಯಸ್ಸಿನ ಲೆಕ್ಕಕ್ಕೆ ಸೇರುವುದಿಲ್ಲ.

ಹಾಗಾದರೆ ಉಳಿದ ರೈಯನ್ನು ಅಳೆಯುವುದು ಹೇಗೆ? ಇಲ್ಲಿ ರೈ ವ್ಯಾಪಾರದ ಒಂದು ವಿಶೇಷ ನಮ್ಮ ನೆರವಿಗೆ ಬರುತ್ತದೆ. ಇಂಡಿಯಾನಾ ರಾಜ್ಯದ ಲಾರೆನ್ಸ್‌ಬರ್ಗ್‌ನಲ್ಲಿ, ಹಿಂದೆ ಸೀಗ್ರಾಮ್‌ನದಾಗಿದ್ದ ಎಂಜಿಪಿ ಡಿಸ್ಟಿಲರಿ ಶೇ 95 ರೈ, ಶೇ 5 ಬಾರ್ಲಿ ಮಾಲ್ಟ್‌ನ ವಿಸ್ಕಿ ತಯಾರಿಸಿ ಹತ್ತಾರು ಬ್ರ್ಯಾಂಡ್‌ಗಳಿಗೆ ಮಾರುತ್ತ ಬಂದಿದೆ. ಬುಲೆಟ್ ರೈ ಹೆಸರು ಮಾಡಿದ್ದು ಆ ವಿಸ್ಕಿಯಿಂದಲೇ, ಎರಡನೆಯ ಪೀಪಾಯಿಯ ಹಂಗಿಲ್ಲದೆ. ಏಂಜಲ್ಸ್ ಎನ್ವಿ ರೈ ಶುರುವಾದದ್ದೂ ಅದರಿಂದಲೇ. ಆದರೆ ಅದು ಕೆರಿಬಿಯನ್ ರಮ್‌ನ ಪೀಪಾಯಿಯಲ್ಲಿ ಒಂದೂವರೆ ವರ್ಷದವರೆಗೆ ಕಳೆದು ಬರುತ್ತದೆ. ವಯಸ್ಸು, ಕಸುವು ಒಂದೇ ಅಲ್ಲದಿದ್ದರೂ ಹುಟ್ಟು ಒಂದೇ ಆದದ್ದರಿಂದ ಇವೆರಡನ್ನು ಪಕ್ಕಪಕ್ಕ ಇಟ್ಟು ಮೂಸಿದರೆ ಪೀಪಾಯಿಯ ಕೆಲಸ ಬಹುಮಟ್ಟಿಗೆ ಬಿಡಿಯಾಗಿ ಕಾಣುತ್ತದೆ. ರಮ್ ಪೀಪಾಯಿಯ ರೈಯಲ್ಲಿ ಜೋನಿಬೆಲ್ಲದ, ಮೇಪಲ್ ಪಾಕದ ಸಿಹಿ ಮೊದಲು ಬರುತ್ತದೆ. ಸಬ್ಬಸಿಗೆ, ಪುದೀನಗಳನ್ನು ಅದರ ಹಿಂದೆ ಹುಡುಕಬೇಕಾಗುತ್ತದೆ. ಈ ಪರೀಕ್ಷೆಯಲ್ಲಿ ಅದು ಅಂಚಿನಲ್ಲಿ ನಿಂತಿದೆ ಎಂದೇ ನನ್ನ ತೀರ್ಮಾನ: ಚೆಂದದ ಮದ್ಯ, ಆದರೆ ರೈಗಾಗಿ ಬಂದವರಿಗೆ ರಮ್ ಹೆಚ್ಚು ಸಿಗುತ್ತದೆ.

ಮೂಸುವುದರಲ್ಲೂ ಕ್ರಮವಿದೆ. ಬಾಯಿ ಕಿರಿದಾದ ಲೋಟಕ್ಕೆ ಸ್ವಲ್ಪವೇ ಸುರಿದು, ಆಲ್ಕೋಹಾಲಿನ ಮೊದಲ ಘಾಟು ಇಳಿಯುವವರೆಗೆ ಕಾಯಬೇಕು. ಒಂದು ಗುಟುಕು ಹಾಗೆಯೇ ರುಚಿ ನೋಡಿ, ಆಮೇಲೆ ಹನಿಹನಿಯಾಗಿ ನೀರು ಬೆರೆಸಬೇಕು. ನೀರು ಬೆರೆಸುವುದು ಅಪಚಾರ ಎನ್ನುವವರಿಗೆ ಸ್ವೀಡನ್ನಿನ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಪ್ರಕಟಿಸಿದ ಅಧ್ಯಯನವೇ ಉತ್ತರ. ಕಂಪ್ಯೂಟರ್ ಮಾದರಿಯಲ್ಲಿ ಅವರು ಕಂಡಂತೆ, ಆಲ್ಕೋಹಾಲ್ ಶೇ 45ರ ಆಸುಪಾಸಿಗೆ ಇಳಿದಾಗ ಗ್ವಾಯಕಾಲ್ ಎಂಬ ಹೊಗೆಗಂಪಿನ ಅಣು ದ್ರವದ ಮೇಲ್ಮೈಗೆ ಬಂದು ನಿಲ್ಲುತ್ತದೆ. ಕಸುವು ಶೇ 59 ದಾಟಿದರೆ ಒಳಗೇ ಉಳಿಯುತ್ತದೆ. ಫಿನಿಶ್ ಆದ ರೈಗೆ ನೀರು ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಮೇಲಿನ ಸಿಹಿ ತೆಳುವಾದಾಗ ಅಡಿಯಲ್ಲಿ ಧಾನ್ಯ ಇದ್ದರೆ ಖಾರವಾಗಿ ಮೇಲೆದ್ದು ಬರುತ್ತದೆ, ಇಲ್ಲದಿದ್ದರೆ ಸಕ್ಕರೆನೀರಿನ ಸಪ್ಪೆ ಉಳಿಯುತ್ತದೆ. ಕುಡಿದು ಮುಗಿಸಿದ ಲೋಟವನ್ನು ಒಂದು ಗಂಟೆ ಬಿಟ್ಟು ಮೂಸುವುದೂ ಒಳ್ಳೆಯದು; ಒಣಗಿದ ಲೋಟದಲ್ಲಿ ಮರ ಮತ್ತು ಧಾನ್ಯದ ವಾಸನೆ ಇನ್ನೂ ಸ್ಪಷ್ಟ.

ನಾಲಿಗೆಗೆ ಹಿಡಿಸಿದರೆ ಸಾಕು, ಈ ತನಿಖೆಯೆಲ್ಲ ಏಕೆ ಎಂದು ಕೇಳಬಹುದು. ಹಿಡಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಹಿಡಿಸಿದ್ದು ಪೋರ್ಟ್‌ನ ರುಚಿಯೇ ಆಗಿದ್ದರೆ ಅದನ್ನು ಪೋರ್ಟ್ ಬಾಟಲಿಯಲ್ಲೇ ಕಡಿಮೆ ಬೆಲೆಗೆ ಕೊಳ್ಳಬಹುದು. ಹಳೆಯ ರೈಯ ಬೆಲೆ ಕೊಟ್ಟು ಅದನ್ನು ಪಡೆಯುವುದು ನಷ್ಟ. ಮೇಲಾಗಿ ನಮ್ಮ ಮೆಚ್ಚುಗೆ ನಾವು ನಂಬಿದಷ್ಟು ಸ್ವತಂತ್ರವೂ ಅಲ್ಲ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಕೊಟ್ಟರು. ದುಬಾರಿ ಎಂದಾಗ ಕುಡಿದವರು ಹೆಚ್ಚು ಹಿತವಾಗಿದೆ ಎಂದರು. ಮಿದುಳಿನ ಸ್ಕ್ಯಾನ್‌ನಲ್ಲೂ ಆ ಹಿತ ಕಾಣಿಸಿತು. ಬೆಲೆಯೇ ರುಚಿಯಾಗಿಬಿಡುವಾಗ ರುಚಿಯಿಂದ ಬೆಲೆಯನ್ನು ಸಮರ್ಥಿಸಲು ಹೊರಡುವುದು ಸುತ್ತಿ ಸುತ್ತಿ ಅಲ್ಲಿಗೇ ಬಂದಂತೆ. ಬಾಟಲಿ ಮರೆಮಾಡಿ ರುಚಿ ನೋಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಇನ್ನೊಂದು ತುದಿಯಲ್ಲಿ ಶುದ್ಧವಾದಿಗಳಿದ್ದಾರೆ. ಎಳೆಯ, ಕಚ್ಚಾ ವಿಸ್ಕಿಯ ಲೋಪ ಮುಚ್ಚಲೆಂದೇ ಎರಡನೆಯ ಪೀಪಾಯಿ ಎಂಬುದು ಅವರ ಆರೋಪ. ಅಂಥ ಬಾಟಲಿಗಳು ಇವೆ, ಅನುಮಾನವಿಲ್ಲ. ಆದರೂ ಆರೋಪ ಎಲ್ಲದಕ್ಕೂ ಹೊಂದುವುದಿಲ್ಲ. ವಿಸಲ್‌ಪಿಗ್‌ನ 12 ವರ್ಷದ ‘ಓಲ್ಡ್ ವರ್ಲ್ಡ್’ ರೈಯಲ್ಲಿ ಮದೀರಾ ವೈನಿನ ಪೀಪಾಯಿಯದು ಶೇ 63, ಸೊಟರ್ನ್‌ನದು ಶೇ 30, ಪೋರ್ಟ್‌ನದು ಬರೀ ಶೇ 7. ಹನ್ನೆರಡು ವರ್ಷ ಮಾಗಿದ ರೈಗೆ ಮುಚ್ಚಿಡಬೇಕಾದ ಎಳೆತನವಿಲ್ಲ. ಎಲ್ಲಕ್ಕಿಂತ ಜೋರಾದ ಪೋರ್ಟನ್ನು ಅಷ್ಟು ಕಡಿಮೆಗೆ ನಿಲ್ಲಿಸಿದ್ದರಲ್ಲಿ ಮಿಶ್ರಣ ಮಾಡಿದವರ ಸಂಯಮ ನನಗೆ ಕಾಣುತ್ತದೆ. ರೈಯ ಖಾರ ಅಲ್ಲಿ ಒಣಹಣ್ಣಿನ ಹಿಂದೆ ಅಡಗಿ ಕೂರುವುದಿಲ್ಲ, ಅದರ ಜೊತೆಗೇ ಬರುತ್ತದೆ.

ಇನ್ನು ಹಣದ ಮಾತು. ಲೇಬಲ್ಲಿನಲ್ಲಿ ಮೊದಲು ನೋಡಬೇಕಾದದ್ದು ಎಲ್ಲಿ ಬಟ್ಟಿ ಇಳಿಸಿದ್ದು ಎಂಬುದನ್ನು. ಐಯೋವಾದ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಟೆಂಪಲ್‌ಟನ್ ರೈ ಬಂದದ್ದು ಇಂಡಿಯಾನಾದಿಂದ ಎಂಬ ಕಾರಣಕ್ಕೆ ಗ್ರಾಹಕರು ಮೊಕದ್ದಮೆ ಹೂಡಿದರು, 2015ರಲ್ಲಿ ಹಣ ಹಿಂತಿರುಗಿಸುವ ಒಪ್ಪಂದದೊಂದಿಗೆ ಅದು ಮುಗಿಯಿತು. ಆಮೇಲೆ ಕಸುವು. 750 ಮಿಲಿಯ ಬಾಟಲಿ ಶೇ 43ರದಾದರೆ ಒಳಗೆ 322 ಮಿಲಿ ಆಲ್ಕೋಹಾಲ್, ಶೇ 50ರದಾದರೆ 375. ನೀರನ್ನು ನಾವೇ ಬೆರೆಸಿಕೊಳ್ಳಬಹುದಾದ್ದರಿಂದ ಒಂದೇ ಬೆಲೆಗೆ ಎರಡನೆಯದೇ ಲಾಭ. ವಯಸ್ಸಿಗೆ ಬೆಲೆ ಬರುವುದು ಆವಿಯಾಗಿ ಹೋಗುವ ಪಾಲಿನಿಂದ. ವರ್ಷಕ್ಕೆ ಶೇ 4ರಂತೆ ಹೋದರೂ ಹತ್ತು ವರ್ಷಕ್ಕೆ ಪೀಪಾಯಿಯ ಮೂರನೇ ಒಂದು ಭಾಗ ಖಾಲಿ.

ಈ ಲೆಕ್ಕ ಎಲ್ಲ ಊರಿಗೂ ಒಂದೇ ಅಲ್ಲ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 1948ರಲ್ಲಿ ಇಲ್ಲಿ ಶುರುವಾದ ಅಮೃತ್ ಸಂಸ್ಥೆಯ ಪೀಪಾಯಿಗಳಿಂದ ವರ್ಷಕ್ಕೆ ಶೇ 10ರಿಂದ 12ರಷ್ಟು ಆವಿಯಾಗುತ್ತದೆ. ಅಮೆರಿಕದಲ್ಲಿ ಹತ್ತು ವರ್ಷಕ್ಕೆ ಆಗುವ ನಷ್ಟ ಇಲ್ಲಿ ನಾಲ್ಕೇ ವರ್ಷಕ್ಕೆ. ಬಾಟಲಿಯ ಮೇಲಿನ ವಯಸ್ಸಿನ ಅಂಕಿಯನ್ನು ನೋಡಿ ಬೆಲೆ ಕಟ್ಟುವವರು ಇದನ್ನು ನೆನಪಿಡಬೇಕು. ಬೋರ್ಬನ್ ಪೀಪಾಯಿಯಿಂದ ಶೆರಿಗೆ, ಅಲ್ಲಿಂದ ಮರಳಿ ಬೋರ್ಬನ್‌ಗೆ ಸಾಗಿಸಿ ‘ಇಂಟರ್‌ಮೀಡಿಯೆಟ್ ಶೆರಿ’ ಎಂಬ ಮಾಲ್ಟ್ ಮಾಡಿದ ಇದೇ ಮನೆ, ಮೊಳಕೆ ಬರಿಸಿದ ರೈಯಿಂದಲೇ ಒಂದು ವಿಸ್ಕಿಯನ್ನೂ ತಂದಿತು. ಪಕ್ಕಪಕ್ಕ ಇಟ್ಟು ಮೂಸುವ ಪರೀಕ್ಷೆಯನ್ನು ನೀವೇ ಮಾಡಬೇಕೆಂದರೆ, ವಿದೇಶದಿಂದ ಮರಳುವವರಿಗೆ ಸುಂಕವಿಲ್ಲದೆ ಮದ್ಯ ತರಲು ಇರುವ ಮಿತಿ ಎರಡು ಲೀಟರ್. ಅಷ್ಟರಲ್ಲಿ ಎರಡು ಬಾಟಲಿ ಹಿಡಿಯುತ್ತವೆ: ಒಂದು ಫಿನಿಶ್ ಆದ ರೈ, ಇನ್ನೊಂದು ಅದೇ ಬಟ್ಟಿಯ, ಎರಡನೆಯ ಪೀಪಾಯಿ ಕಾಣದ ರೈ.